ಒತ್ತಾಸೆ

"ಇದಕ್ಕೆ... ಏನಂತಾರೆ?"

ಅಣ್ಣ ಯಾರನ್ನೂ ಕೇಳಿದ್ದಲ್ಲ. ನಡುಮನೆಯ ಕನ್ನಡಿಯ ಮುಂದೆ ನಿಂತು, ಎಡಗೈಯಲ್ಲಿ ಬಾಚಣಿಗೆ ಹಿಡಿದು, ಅದನ್ನು ಹಿಂದುಮುಂದು ತಿರುಗಿಸಿ ನೋಡುತ್ತ ತನ್ನಷ್ಟಕ್ಕೆ ಅಂದದ್ದು. ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ನಾನು ತಲೆ ಎತ್ತಲೂ ಇಲ್ಲ. "ಬಾಚಣಿಗೆ, ಅಣ್ಣ," ಎಂದೆ.

"ಹಾಂ. ಬಾಚಣಿಗೆ." ತಲೆ ಬಾಚಿಕೊಂಡ.

ಎದುರಿಗೆ ಕೂತಿದ್ದ ಪಂಕಜತ್ತಿಗೆ ಈಳಿಗೆಯಿಂದ ಕೈ ತೆಗೆದು ನನ್ನ ಮುಖ ನೋಡಿದರು. "ನಿನ್ನನ್ನ ಕೇಳಿದ್ರಾ?"

"ಇಲ್ಲ."

"ಹಾಗಾದ್ರೆ ಒಂದು ಗಳಿಗೆ ಬಾಯಿ ಮುಚ್ಕೊಂಡಿರೋಕೆ ಏನು ಕಷ್ಟ ನಿಂಗೆ?"

ನನಗೆ ಸಿಟ್ಟು ಬಂತು. ಕಟ್ಟಿಕೊಂಡ ಗಂಡ ಒಂದು ಬಾಚಣಿಗೆ ಹಿಡಿದು ಒದ್ದಾಡುತ್ತಿದ್ದರೆ ನೋಡುತ್ತ ಕೂರುವ ಹೆಂಗಸು ಎಂದುಕೊಂಡೆ. ಅತ್ತಿಗೆ ಕೇಳಿದ್ದೇ ಸರಿಯಾದ ಪ್ರಶ್ನೆಯೆಂದು ತಿಳಿಯಲು ಹತ್ತು ವಾರ ಬೇಕಾಯಿತು. ತಿಳಿದ ಮೇಲೆ ಅವರ ಮುಖವನ್ನು ನೆಟ್ಟಗೆ ನೋಡುವುದು ನನಗೆ ಇನ್ನೂ ಆಗಿಲ್ಲ.

ನಮ್ಮಣ್ಣ ರಂಗಧಾಮನಿಗೆ ಸ್ಟ್ರೋಕ್ ಆಗಿ ಆಗ ನಾಲ್ಕು ವಾರ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿ ನಿವೃತ್ತನಾದವನು. ಆದರೆ ಮೈಸೂರಿನ ಜನ ಅವನನ್ನು ಗುರುತಿಸುತ್ತಿದ್ದದ್ದು ಗಮಕದ ವ್ಯಾಖ್ಯಾನಕಾರನೆಂದು. ಗಮಕ ಇಬ್ಬರ ಕೆಲಸ. ಒಬ್ಬರು ಕಾವ್ಯದ ಪದ್ಯವನ್ನು ರಾಗವಾಗಿ ಹೇಳಬೇಕು. ಅದು ಮುಗಿದೊಡನೆ ಇನ್ನೊಬ್ಬರು ಅರ್ಥ ಬಿಡಿಸಬೇಕು. ಮೂವತ್ನಾಲ್ಕು ವರ್ಷ ಪದ್ಯ ನನ್ನದು, ಅರ್ಥ ಅವನದು. ಅಂಚೆ ಕಚೇರಿಯ ಕೆಲಸ ಮುಗಿಸಿ, ಸೀರೆ ಬದಲಿಸಿ, ಅವನ ಸ್ಕೂಟರಿನ ಹಿಂದೆ ಕೂತು ಸಭೆಗೆ ಹೊರಟೆನೆಂದರೆ ನನಗೆ ಬೇರೊಂದು ಸಂಸಾರ ಬೇಕೆಂದು ಎಂದೂ ಅನಿಸಿರಲಿಲ್ಲ.

ಅಪ್ಪ ನಮ್ಮಿಬ್ಬರನ್ನೂ ಜಮಖಾನದ ಮೇಲೆ ಎದುರುಬದುರು ಕೂರಿಸಿ ಕಲಿಸಿದ್ದರು. ಆಗ ನನಗೆ ಎಂಟು, ಅಣ್ಣನಿಗೆ ಹನ್ನೆರಡು. ಅವರ ಕಟ್ಟಳೆ ಒಂದೇ: "ಪದ್ಯಕ್ಕೂ ಅರ್ಥಕ್ಕೂ ನಡುವೆ ಗಾಳಿ ಆಡಬಾರದು." ಅರ್ಥ ಹೇಳುವವನು ಎಲ್ಲಾದರೂ ತಡವರಿಸಿದರೆ ಹಾಡುವವಳು ಕೊನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಳ್ಳಬೇಕು. ಕೇಳುವವರಿಗೆ ಅದು ರಾಗದ ಸೊಗಸು. ಅದು ತಡವರಿಕೆಯನ್ನು ಮುಚ್ಚುವುದಕ್ಕೆ ಎಳೆದ ಹೊದಿಕೆಯೆಂದು ನಮಗಿಬ್ಬರಿಗೆ ಮಾತ್ರ ಗೊತ್ತು. ವರ್ಷಗಳು ಕಳೆದಂತೆ ಅಣ್ಣ ತಡವರಿಸುವ ಮೊದಲೇ, ಅವನ ಉಸಿರು ಒಂದಿಷ್ಟು ಉದ್ದವಾದರೆ ಸಾಕು, ನನ್ನ ಗಂಟಲು ತಾನಾಗಿ ಏಳುತ್ತಿತ್ತು.

ಸ್ಟ್ರೋಕ್ ಎಡ ಮಿದುಳಿನ ಮಾತಿನ ಜಾಗವನ್ನೇ ಹಿಡಿದಿತ್ತು. ಬಲಗೈ ಸೋತಿತ್ತು. ವಿಚಿತ್ರವೆಂದರೆ ಪದ್ಯಗಳು ಉಳಿದಿದ್ದವು. ನಾನು ರಾಗ ಎತ್ತಿದರೆ ಎಂದೂ ಹಾಡದ ಅಣ್ಣ ಷಟ್ಪದಿಯ ಆರು ಸಾಲನ್ನೂ ತಡೆಯಿಲ್ಲದೆ ಹಾಡುತ್ತಿದ್ದ. ಹಾಡು ಮುಗಿದ ಮೇಲೆ ಕುಡಿಯಲು ನೀರು ಕೇಳುವುದಕ್ಕೆ ಬರುತ್ತಿರಲಿಲ್ಲ.

"ಹಾಡು ಬಲಭಾಗದಲ್ಲೂ ಬೇರು ಬಿಟ್ಟಿರುತ್ತೆ. ಅದು ಒಳ್ಳೇದೇ," ಎಂದರು ಡಾಕ್ಟರ್ ಬೋಜಮ್ಮ.

ವರ್ತುಲ ರಸ್ತೆಯ ಆಚೆ, ಮಿದುಳಿನ ರೋಗಿಗಳಿಗೆಂದು ಹೊಸದಾಗಿ ಕಟ್ಟಿದ ಕೇಂದ್ರದಲ್ಲಿ ಅವರ ಪ್ರಯೋಗಾಲಯ. ನಲವತ್ತರ ಆಸುಪಾಸಿನವರು, ಕೊಡಗಿನವರು, ಮಾತು ಕಡಿಮೆ. ಅಣ್ಣನ ತಲೆಯ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಕಪ್ಪಗೆ, ಬೆರಳಿನ ಗುರುತಿನಷ್ಟು ಒಂದು ಮಚ್ಚೆ.

"ಸತ್ತ ಕೋಶ ಮತ್ತೆ ಬದುಕೋದಿಲ್ಲ. ಆದರೆ ಸುತ್ತಲಿನ ಕೋಶಗಳು ಆ ಕೆಲಸ ಕಲೀತವೆ. ಸ್ಟ್ರೋಕ್ ಆದ ಮೇಲೆ ಕೆಲವು ವಾರ ಮಿದುಳು ಹಸಿಮಣ್ಣಿನ ಹದದಲ್ಲಿರುತ್ತೆ. ನಾವು ಕೊಡೋ ಔಷಧಿ ಆ ಹದಾನ ಹದಿನೆಂಟು ವಾರದವರೆಗೆ ಎಳೆಯುತ್ತೆ. ಆಮೇಲೆ ಮಣ್ಣು ಗಟ್ಟಿಯಾಗುತ್ತೆ. ಅಷ್ಟರೊಳಗೆ ಎಷ್ಟು ದಾರಿ ಬಿದ್ದಿರುತ್ತೋ ಅಷ್ಟೇ ನಿಮ್ಮದು."

"ದಾರಿ ಬೀಳೋದು ಹೇಗೆ?" ಎಂದರು ಅತ್ತಿಗೆ.

"ಮೈದಾನದಲ್ಲಿ ಕಾಲುದಾರಿ ಹೇಗೆ ಬೀಳುತ್ತೆ, ಹಾಗೆ. ನಡೆದು ನಡೆದು. ಎಡವಿದರೂ ಅವರೇ ನಡೀಬೇಕು."

ಆಮೇಲೆ ಆ ಜೋಡಿಪಟ್ಟಿಯನ್ನು ತಂದರು. ಹಣೆಗೆ ಕಟ್ಟುವ ಎರಡು ತೆಳುವಾದ ಪಟ್ಟಿಗಳು. ಒಂದು ರೋಗಿಗೆ, ಇನ್ನೊಂದು ಆಸರೆಯಾಗಿ ನಿಲ್ಲುವವರಿಗೆ. ರೋಗಿ ಒಂದು ಮಾತಿಗಾಗಿ ತಡಕಾಡುವಾಗ ಹತ್ತಿರದವರ ತಲೆಯಲ್ಲಿ ಅದೇ ಮಾತು ಸಲೀಸಾಗಿ ಏಳುತ್ತದಲ್ಲ, ಏಳುವಾಗಿನ ಅಲೆಯನ್ನು ಒಂದು ಪಟ್ಟಿ ಓದುತ್ತದೆ. ಅದೇ ತಾಳದಲ್ಲಿ ಇನ್ನೊಂದು ಪಟ್ಟಿ ರೋಗಿಯ ಮಿದುಳಿನ ಬದುಕಿರುವ ಭಾಗವನ್ನು ಸಣ್ಣ ವಿದ್ಯುತ್ತಿನಿಂದ ಒತ್ತುತ್ತದೆ. ಮಾತಿನ ಬಾಗಿಲವರೆಗೆ ಬೆನ್ನು ತಟ್ಟಿ ಕಳಿಸುವಷ್ಟೇ ಅದರ ಕೆಲಸ. ಆದರೆ ಒತ್ತು ಹೆಚ್ಚಾದರೆ ಆಸರೆಯವರ ಮಾತೇ ರೋಗಿಯ ಬಾಯಿಗೆ ಬಂದುಬಿಡುತ್ತದೆ.

ಆಸರೆಯವರ ಪಟ್ಟಿಯ ಪಕ್ಕದಲ್ಲಿ, ಕಿವಿಯ ಮೇಲೆ, ಒಂದು ಚಿಕ್ಕ ತಿರುಗುಗುಂಡಿ. ಸೊನ್ನೆಯಿಂದ ಹತ್ತರವರೆಗೆ. ಅದಕ್ಕೆ ಅವರು ಒತ್ತಾಸೆ ಎನ್ನುತ್ತಿದ್ದರು.

"ಎಂಟರಿಂದ ಶುರು. ವಾರಕ್ಕೊಂದು ಇಳಿಸ್ತಾ ಬರಬೇಕು. ಇನ್ನೊಂದು ಮುಖ್ಯ ವಿಷಯ. ಅವರು ಹುಡುಕೋಕೆ ಶುರು ಮಾಡಿದ ಮೇಲೆ ಹನ್ನೊಂದು ಸೆಕೆಂಡು ನೀವು ಸುಮ್ಮನಿರಬೇಕು. ಹೇಳಿಬಿಡೋಣ ಅಂತ ನೀವು ಒಳಗೊಳಗೇ ಅಂದುಕೊಂಡರೂ ಪಟ್ಟಿಗೆ ಗೊತ್ತಾಗುತ್ತೆ."

"ಮನಸ್ಸಿನಲ್ಲೂ ಹೇಳಿಕೊಡಬಾರದು, ಅಲ್ವೇ?" ಎಂದೆ.

"ಮನಸ್ಸಿನಲ್ಲೂ."

ಆಸರೆ ಯಾರಾಗಬೇಕೆಂದು ನೋಡಲು ಅತ್ತಿಗೆಗೂ ನನಗೂ ಪರೀಕ್ಷೆ ನಡೆಯಿತು. ಅಣ್ಣನ ಹಳೆಯ ವ್ಯಾಖ್ಯಾನಗಳ ಧ್ವನಿಮುದ್ರಣ ಹಾಕಿ ಇಬ್ಬರ ಅಲೆಗಳನ್ನೂ ಹೋಲಿಸಿದರು. ನನ್ನದು ಹೊಂದಿತು; ಅಣ್ಣ ಮುಂದಿನ ಮಾತು ಆಡುವ ಮೊದಲೇ ನನ್ನ ಗೆರೆ ಏಳುತ್ತಿತ್ತಂತೆ.

"ನೋಡಿದ್ಯಾ," ಎಂದರು ಅತ್ತಿಗೆ ಆಟೋದಲ್ಲಿ. "ಮೂವತ್ತು ವರ್ಷ ಅನ್ನ ಹಾಕಿದೋಳು ನಾನು. ಮಿದುಳು ಹೊಂದೋದು ನಾದಿನಿಗೆ."

ನಗುತ್ತಲೇ ಅಂದರು. ನಾನೂ ನಕ್ಕೆ. ಒಳಗೊಂದು ಹೆಮ್ಮೆ ಎದ್ದು ಕೂತದ್ದನ್ನು ಈಗ ಮುಚ್ಚಿಡುವುದಿಲ್ಲ.

ಐದನೆಯ ವಾರದಿಂದ ಬೆಳಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ ಪಟ್ಟಿ ಕಟ್ಟಿಕೊಂಡು ಕೂರುತ್ತಿದ್ದೆವು. ಮನೆಯಲ್ಲಿ ನಾವು ಮೂವರೇ ಇದ್ದಾಗ ಕಾಯುವುದು ನನಗೆ ಕಷ್ಟವಾಗಲಿಲ್ಲ. ಅಣ್ಣ ಹುಡುಕತೊಡಗಿದೊಡನೆ ನಾನು ದೇವರ ಹೆಸರು ಹಿಡಿಯುತ್ತಿದ್ದೆ. ಹನ್ನೊಂದು ಸಲ ನಿಧಾನವಾಗಿ ಜಪಿಸುವಷ್ಟರಲ್ಲಿ ಹನ್ನೊಂದು ಸೆಕೆಂಡು ಕಳೆಯುತ್ತಿತ್ತು. ಮನಸ್ಸಿನಲ್ಲಿ ಬೇರೆ ಮಾತಿಗೆ ಜಾಗವಿರುತ್ತಿರಲಿಲ್ಲ. ಒಂದು ದಿನ ಪಟ್ಟಿ ಕಟ್ಟಿಕೊಂಡೇ ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು ತಡೆದ. ಏಳನೆಯ ಜಪಕ್ಕೆ ಬಾಯಿ ಬಿಟ್ಟ.

"ಹುಳಿಗೆ... ಉಪ್ಪು... ಕಮ್ಮಿ."

ಅತ್ತಿಗೆ ಸೌಟು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. "ಮದುವೆಯಾದಾಗಿನಿಂದ ಇದೊಂದೇ ರಾಗ. ಅದೇ ಮೊದಲು ವಾಪಸ್ ಬಂತು ನೋಡು," ಎಂದರು. ಅಣ್ಣ ಸೊಟ್ಟ ಬಾಯಲ್ಲಿ ನಕ್ಕ. ಪಟ್ಟಿಯ ಮೇಲಿನ ಪುಟ್ಟ ದೀಪ ಬೆಳಗಿರಲಿಲ್ಲ. ಅಂದರೆ ನನ್ನ ಒತ್ತು ಅವನಿಗೆ ಮುಟ್ಟಿರಲಿಲ್ಲ. ಆ ದಾರಿಯನ್ನು ಅವನೇ ನಡೆದು ಬಂದಿದ್ದ.

ಎಂಟು, ಏಳು, ಆರು, ಐದು. ಒಂಬತ್ತನೆಯ ವಾರಕ್ಕೆ ನಾಲ್ಕು.

ಆ ವಾರ ನಾವು ಪಟ್ಟಿ ಕಟ್ಟಿಕೊಂಡು ಕೂತಿದ್ದಾಗಲೇ ಗಮಕ ಸಭೆಯ ಕಾರ್ಯದರ್ಶಿ ಕುಬೇರಪ್ಪನವರು ಇನ್ನಿಬ್ಬರನ್ನು ಕರೆದುಕೊಂಡು ನೋಡಲು ಬಂದರು. ಬಸ್ ಡಿಪೋ ಮ್ಯಾನೇಜರಾಗಿದ್ದವರು, ದೊಡ್ಡ ದನಿ, ಒಳ್ಳೆಯ ಮನುಷ್ಯ. "ಏನ್ ಸ್ವಾಮಿ, ಸಭೆ ಬಿಟ್ಟು ರಜಾ ಹಾಕಿದ್ದೀರಿ? ರಜಾ ಅರ್ಜಿ ಎಲ್ಲಿ?" ಎನ್ನುತ್ತಲೇ ಒಳಗೆ ಬಂದರು.

ಅಣ್ಣನ ಮುಖ ಅರಳಿತು. ಎದ್ದು ನಿಂತ. ಎಡಗೈಯಿಂದ ಕುರ್ಚಿಗಳನ್ನು ತೋರಿಸಿದ. ಕೂತುಕೊಳ್ಳಿ ಎನ್ನಬೇಕು. ತುಟಿ ಅಲುಗಿತು.

"ಬಕೆಟ್ಟು," ಎಂದ. ತಪ್ಪಾಯಿತೆಂದು ಅವನಿಗೇ ತಿಳಿಯಿತು. "ಅಲ್ಲ. ಬಕೆಟ್ಟು... ಬಕೆಟ್ಟು..."

ಬಂದವರಲ್ಲಿ ಒಬ್ಬರು ನೆಲ ನೋಡಿದರು. ಇನ್ನೊಬ್ಬರು ತುಟಿ ಕಚ್ಚಿಕೊಂಡರು. ಕುಬೇರಪ್ಪನವರು ನನ್ನ ಕಡೆ ತಿರುಗಿ ನೋಡಿದ ನೋಟವಿದೆಯಲ್ಲ, ಅದು ಸಾವಿನ ಮನೆಗೆ ಬಂದವರ ನೋಟ. ನನ್ನ ಕಿವಿ ಸುಟ್ಟುಹೋದಂತಾಯಿತು. ಸಾವಿರ ಜನರನ್ನು ಮಾತಿನಲ್ಲಿ ಕಟ್ಟಿಹಾಕಿದ ನಮ್ಮಣ್ಣ ಮೂವರ ಮುಂದೆ ಬಕೆಟ್ಟು ಎನ್ನುತ್ತ ನಿಂತಿದ್ದಾನೆ. ಜಪ ನೆನಪಾಗಲಿಲ್ಲ. ಕೂದಲು ಸರಿಮಾಡಿಕೊಳ್ಳುವವಳಂತೆ ಕೈ ಎತ್ತಿ ಗುಂಡಿಯನ್ನು ಎಂಟಕ್ಕೆ ತಿರುಗಿಸಿದೆ.

"ಕೂತ್ಕೊಳ್ಳಿ ಕುಬೇರಪ್ಪನವರೇ," ಎಂದ ಅಣ್ಣ. "ಬಿಸಿಲಲ್ಲಿ ಬಂದಿದ್ದೀರಿ. ಪಾನಕ ತರಿಸ್ತೀನಿ, ಅಲ್ವೇ?"

ಮೂವರ ಮುಖದಲ್ಲೂ ಬೆಳಕು. ಕುಬೇರಪ್ಪನವರು ಅಣ್ಣನ ಭುಜ ತಟ್ಟಿದರು. ನಾನು ಪಾನಕ ಮಾಡಲು ಒಳಗೆ ಹೋದೆ. ಬೆಲ್ಲ ಎರಡು ಸಲ ಹಾಕಿದೆ, ಸಂತೋಷಕ್ಕೆ ಎಂದುಕೊಂಡೆ.

ಅಂದಿನಿಂದ ಯಾರೇ ಬರಲಿ, ಗೇಟಿನ ಸದ್ದಾದೊಡನೆ ಗುಂಡಿ ಎಂಟಕ್ಕೆ. ಅವರು ಹೋದ ಮೇಲೆ ಇಳಿಸಲು ಒಮ್ಮೊಮ್ಮೆ ಮರೆಯುತ್ತಿದ್ದೆ. ಆಮೇಲಾಮೇಲೆ ಮರೆಯದೆಯೂ ಇಳಿಸಲಿಲ್ಲ. ಕೇಂದ್ರದವರು ಕೊಟ್ಟಿದ್ದ ಪುಸ್ತಕದಲ್ಲಿ ಮಾತ್ರ ಮೂರು, ಎರಡು, ಒಂದು ಎಂದು ತಪ್ಪದೆ ಬರೆದೆ. ದೇವರಿಗೆ ದೀಪ ಹಚ್ಚಿ ಎದ್ದು ಬಂದ ಕೈಯಲ್ಲೇ ಬರೆದೆ.

ಹನ್ನೆರಡನೆಯ ವಾರ ಮನೆಯಲ್ಲೇ ಒಂದು ಸಣ್ಣ ವಾಚನ ಇಟ್ಟುಕೊಂಡೆವು. ಹತ್ತು ಹನ್ನೆರಡು ಜನ. ಓದಿದ್ದು ಅಪ್ಪ ಕಟ್ಟಿದ ಕಾವ್ಯ. ಅಚ್ಚಾಗದೆ ನೋಟುಪುಸ್ತಕದಲ್ಲೇ ಉಳಿದದ್ದು. ನಾವಿಬ್ಬರೂ ಕಲಿತ ಮೊದಲ ಕಾವ್ಯ. ಅದರಲ್ಲಿ ದಾರಿ ತಪ್ಪಿದ ಪಥಿಕನೊಬ್ಬ ಹೊಳೆಯ ದಡಕ್ಕೆ ಬರುತ್ತಾನೆ. ಆ ಪದ್ಯದ ಮೊದಲರ್ಧ ಹೀಗೆ:

ತೊರೆಯ ತಡಿಯಲಿ ನಿಂತು ಕಾದನು
ಮರೆತ ದಾರಿಯನರಸಿ ಪಥಿಕನು
ಬರುವ ದೋಣಿಗೆ ಕೂಗು ಹಾಕದೆ ಮನದಿ ನೆನೆಯುತಲಿ

ಇಲ್ಲಿ ಅಣ್ಣ ಯಾವಾಗಲೂ ಸಭೆಯನ್ನು ಕೇಳುತ್ತಿದ್ದ: "ಪಥಿಕ ಯಾಕೆ ಕೂಗಲಿಲ್ಲ?" ಒಂದು ಗಳಿಗೆ ಬಿಟ್ಟು ತಾನೇ ಹೇಳುತ್ತಿದ್ದ: "ಕೂಗಿದರೆ ಅಂಬಿಗ ಅವಸರ ಮಾಡ್ತಾನೆ. ಅವಸರದ ದೋಣಿ ಸುಳಿಗೆ ಸಿಕ್ಕುತ್ತೆ. ತನ್ನ ಆತುರಕ್ಕೆ ಇನ್ನೊಬ್ಬನನ್ನ ಸುಳಿಗೆ ನೂಕಬಾರದು ಅಂತ ಅವನಿಗೆ ಗೊತ್ತಿತ್ತು." ಜನ ತಲೆದೂಗುತ್ತಿದ್ದರು.

ಪಕ್ಕದಲ್ಲಿ ಕೂತ ನನಗೆ ಬೇರೊಂದು ಅರ್ಥವಿತ್ತು. ಹಾಡುವವಳಿಗೆ ಅರ್ಥ ಹೇಳುವ ವಾಡಿಕೆಯಿಲ್ಲ. ಯಾರೂ ಕೇಳಿರಲಿಲ್ಲ, ನಾನೂ ಯಾರ ಬಳಿಯೂ ಹೇಳಿರಲಿಲ್ಲ. ಅಂಬಿಗ ನಮ್ಮನ್ನು ಆಗಲೇ ನೋಡಿದ್ದಾನೆ, ಕೂಗುವುದೆಂದರೆ ಅವನ ಕಣ್ಣನ್ನು ಅನುಮಾನಿಸಿದಂತೆ. ಇಷ್ಟೇ. ದೇವರ ಮುಂದೆ ಕೂತಾಗ ಮಾತ್ರ ಅದನ್ನು ನೆನೆಯುತ್ತಿದ್ದೆ.

ಅಂದು ಪದ್ಯ ಮುಗಿಸಿದೆ. ಗುಂಡಿ ಎಂಟರಲ್ಲಿತ್ತು. ಅಣ್ಣ ಕೇಳಿದ, "ಪಥಿಕ ಯಾಕೆ ಕೂಗಲಿಲ್ಲ?" ಗಾಳಿ ಆಡಲು ಎಡೆಯಿಲ್ಲದಂತೆ ತಾನೇ ಮುಂದುವರಿಸಿದ. "ಅಂಬಿಗ ಆಗಲೇ ಅವನನ್ನ ನೋಡಿದ್ದಾನೆ, ಅಲ್ವೇ? ನೋಡಿದವನನ್ನ ಮತ್ತೆ ಕೂಗೋದು ಅವನ ಕಣ್ಣನ್ನ ಅನುಮಾನಿಸಿದ ಹಾಗೆ."

ಕುಬೇರಪ್ಪನವರು ಎದ್ದು ನಿಂತು ಕೈಮುಗಿದರು. "ಸ್ವಾಮಿ, ಇಷ್ಟು ವರ್ಷ ಕೇಳಿದ್ದೀನಿ, ಈ ಅರ್ಥ ಹೊಸದು. ಸ್ಟ್ರೋಕ್ ಆದ ಮೇಲೆ ನೀವು ಇನ್ನೂ ಒಂದು ಮೆಟ್ಟಿಲು ಹತ್ತಿದ್ದೀರಿ." ಒಬ್ಬ ಮುದುಕಿ ಕಣ್ಣೀರು ಹಾಕಿದಳು. ನಾನು ತಲೆ ತಗ್ಗಿಸಿ ಕೂತಿದ್ದೆ. ಜನ ಅದನ್ನು ವಿನಯ ಎಂದುಕೊಂಡಿರಬೇಕು. ನನ್ನ ಅರ್ಥ ನಮ್ಮಣ್ಣನ ಗಂಭೀರ ದನಿಯಲ್ಲಿ ಹೊರಬಂದು ಜನರನ್ನು ಅಳಿಸಿತ್ತು. ಅದರ ಸುಖ ಎಷ್ಟಿತ್ತೆಂದರೆ ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಏನು ಕಾಣುತ್ತಿತ್ತೋ.

ಜನ ಹೋದ ಮೇಲೆ ಅತ್ತಿಗೆ ಲೋಟಗಳನ್ನು ಜೋಡಿಸುತ್ತ ಅಂದರು, "ಮಂದಾ, ಇವರು 'ಅಲ್ವೇ' ಅಂತ ಯಾವತ್ತು ಅಂದಿದ್ರು?"

"ಈಗ ಅಂತಾರೆ. ಬದಲಾಗಿರಬಹುದು, ಅಲ್ವೇ?"

"ಅದು ನಿನ್ನ ಮಾತು. ನಿಂಗೆ ಅದಿಲ್ಲದೆ ವಾಕ್ಯ ಮುಗಿಯಲ್ಲ." ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಹದಿನಾಲ್ಕನೆಯ ವಾರ ತಪಾಸಣೆ. ನನ್ನ ಪುಸ್ತಕದ ಪ್ರಕಾರ ಒತ್ತಾಸೆ ಸೊನ್ನೆಗೆ ಬಂದಾಗಿತ್ತು. ಬೋಜಮ್ಮ ಪಟ್ಟಿಗಳನ್ನು ಬಿಚ್ಚಿಸಿ, ಅಣ್ಣನ ಮುಂದೆ ಮೇಜಿನ ಮೇಲೆ ಕೆಲವು ಸಾಮಾನು ಇಟ್ಟರು. ಅವುಗಳಲ್ಲಿ ಒಂದು ಬಾಚಣಿಗೆ.

"ಇದಕ್ಕೆ ಏನಂತಾರೆ, ಮೇಷ್ಟ್ರೇ?"

ಅಣ್ಣ ಬಾಚಣಿಗೆಯನ್ನು ನೋಡಿದ. ನನ್ನನ್ನು ನೋಡಿದ. ಮತ್ತೆ ಬಾಚಣಿಗೆಯನ್ನು ನೋಡಿದ. ಗಡಿಯಾರದ ಮುಳ್ಳು ಅರ್ಧ ಸುತ್ತು ಹೋಯಿತು. ಹಣೆಯ ಮೇಲೆ ಬೆವರು ಬಂತೇ ಹೊರತು ಮಾತು ಬರಲಿಲ್ಲ. ಒಂಬತ್ತನೆಯ ವಾರದಲ್ಲಿ ಇದ್ದ ಮಾತುಗಳು ಮಾತ್ರ ಇದ್ದವು. ಆಮೇಲೆ ಒಂದೂ ಹೊಸದಾಗಿ ಸೇರಿರಲಿಲ್ಲ.

ಬೋಜಮ್ಮ ಅಣ್ಣನನ್ನೂ ಅತ್ತಿಗೆಯನ್ನೂ ಕೈಯ ವ್ಯಾಯಾಮಕ್ಕೆ ಕಳುಹಿಸಿ ನನ್ನನ್ನು ಒಳಗಿನ ಕೋಣೆಗೆ ಕರೆದರು. ಅಲ್ಲಿ ನಾಲ್ಕು ಪರದೆಗಳಿದ್ದವು. ಸುತ್ತಲಿನ ಸದ್ದೂ ಸೇರಿ ಎಲ್ಲವೂ ಪಟ್ಟಿಯೊಳಗೇ ದಾಖಲಾಗಿರುತ್ತದೆಂದು ನನಗೆ ಆಗ ತಿಳಿಯಿತು. ನನ್ನ ಪುಸ್ತಕ ಅವರ ಕೈಯಲ್ಲಿತ್ತು. ಅದನ್ನು ತೆರೆಯದೆ ಪಕ್ಕಕ್ಕಿಟ್ಟರು.

"ಈ ನೀಲಿ ಗೆರೆ ಅವರು ಹುಡುಕ್ತಿರೋದು. ಕೆಂಪು ನಿಮ್ಮ ಒತ್ತು. ಇಲ್ಲಿ ನೋಡಿ, ಮನೇಲಿ ನೀವೇ ಇದ್ದಾಗ ಎಷ್ಟು ಚೆನ್ನಾಗಿ ಕಾದಿದ್ದೀರಿ. ಹನ್ನೊಂದು, ಹನ್ನೆರಡು ಸೆಕೆಂಡು. ಇಲ್ಲಿ ಗೇಟು, ಕಾಲಿಂಗ್ ಬೆಲ್, ಬೇರೆಯವರ ದನಿ. ಇಲ್ಲಿಂದ ಕೆಂಪು ಎರಡು ಸೆಕೆಂಡಿಗೇ ಬರುತ್ತೆ. ಪೂರ್ತಿ ಎತ್ತರಕ್ಕೆ." ಬೆರಳನ್ನು ಕೆಳಗಿನ ಗೆರೆಗೆ ತಂದರು. "ಈ ಕೆಂಪಿನ ಜೊತೆ ನಿಮ್ಮ ಎದೆಬಡಿತವೂ ಏರಿದೆ. ಇವು ಅವರಿಗೆ ಮಾತು ಬೇಕಾಗಿದ್ದ ಗಳಿಗೆಗಳಲ್ಲ ಮೇಡಂ. ನಿಮಗೆ ಬೇಕಾಗಿದ್ದ ಗಳಿಗೆಗಳು."

ನಾಚಿಕೆಗೆ ಆಕಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಪರದೆಯ ಮೇಲೆ ಸಾಲಾಗಿ ಕೆಂಪಗೆ ನಿಂತಿತ್ತು, ಬೇಲಿಯ ಗೂಟಗಳ ಹಾಗೆ. ಯಾವ ಗೂಟ ಯಾರು ಬಂದ ದಿನದ್ದೆಂದು ನಾನೇ ಗುರುತಿಸಿ ಹೇಳಬಲ್ಲವಳಾಗಿದ್ದೆ. ಬೋಜಮ್ಮ ಬೈಯಲಿಲ್ಲ. ಬೈದಿದ್ದರೆ ಅಳುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು.

"ಇನ್ನೊಂದು ನೋಡಿ," ಎಂದು ನೀಲಿ ಗೆರೆಯನ್ನು ದೊಡ್ಡದು ಮಾಡಿದರು. "ಜನರ ಮುಂದೆ ಅವರ ಮಿದುಳು ಹುಡುಕಿದ ಹಾಗೆ ಮನೇಲಿ ಎಂದೂ ಹುಡುಕಿಲ್ಲ. ಮೂರು ಪಟ್ಟು ಜೋರು. ಅವರ ಹಳೇ ದಾರಿಗಳೆಲ್ಲ ಸಭೇಲೇ ಬಿದ್ದದ್ದು ಅಲ್ವಾ? ಹೊಸದು ಬೀಳೋದಾದರೂ ಅಲ್ಲೇ ಚೆನ್ನಾಗಿ ಬೀಳುತ್ತೆ."

"ಅಲ್ಲೇ ನಾನು ಅಣ್ಣನ್ನ ಎತ್ತಿಕೊಂಡು ದಾಟಿಸಿಬಿಟ್ಟೆ."

ಅವರು ಇಲ್ಲ ಎನ್ನಲಿಲ್ಲ. "ಇನ್ನೂ ನಾಲ್ಕು ವಾರ ಹದ ಇದೆ," ಎಂದರು.

ಮನೆಗೆ ಬಂದ ಮೇಲೆ ಅಣ್ಣನ ಎದುರಿಗೆ ನೆಲದ ಮೇಲೆ ಕೂತೆ. ಅಪ್ಪ ಕೂರಿಸುತ್ತಿದ್ದ ಹಾಗೆ, ಎದುರುಬದುರು. ಪಟ್ಟಿಗಳು ಮೇಜಿನ ಮೇಲೆ ಬಿದ್ದಿದ್ದವು.

"ಅಣ್ಣ, ಯಾರಾದ್ರೂ ಬಂದಾಗಲೆಲ್ಲ ನಾನು ಎಂಟಕ್ಕೆ ಏರಿಸ್ತಿದ್ದೆ. ಪುಸ್ತಕದಲ್ಲಿ ಸುಳ್ಳು ಬರೆದೆ."

ಅಣ್ಣ ತನ್ನ ಸೋತ ಬಲಗೈಯನ್ನು ಎಡಗೈಯಿಂದ ನೀವುತ್ತಿದ್ದ. "ಗೊತ್ತು."

"ಗೊತ್ತಿತ್ತಾ?"

"ಮಾತು... ನಿಂದು." ಬೆರಳನ್ನು ನನ್ನ ಕಡೆ ತೋರಿಸಿ ತನ್ನ ತುಟಿಗೆ ತಂದ. "ಬಾಯಿ... ನಂದು."

ನನಗೆ ಭೂಮಿಯೊಳಗೆ ಇಳಿದುಹೋಗುವಂತಾಯಿತು. "ಮತ್ತೆ ಯಾಕೆ ಹೇಳಲಿಲ್ಲ?" ಎಂದುಬಿಟ್ಟೆ. ಮಾತು ಬಾರದವನನ್ನು ಯಾಕೆ ಹೇಳಲಿಲ್ಲವೆಂದು ಕೇಳುವ ಮೂರ್ಖತನ ಕೇಳಿದ ಮೇಲೆ ಹೊಳೆಯಿತು. ಆದರೆ ಅವನು ಹುಡುಕತೊಡಗಿದ್ದ. ಕಣ್ಣು ಮೇಲಕ್ಕೆ ಹೋಗಿತ್ತು. ನಾನು ಜಪ ಹಿಡಿದೆ. ಹನ್ನೊಂದು ಮುಗಿಯಿತು, ಇಪ್ಪತ್ತೂ ಮುಗಿಯಿತು. ಅತ್ತಿಗೆ ಬಾಗಿಲಲ್ಲಿ ಬಂದು ನಿಂತಿದ್ದರು.

"ನಾಚಿಕೆ," ಎಂದ.

ನನ್ನದೋ ಅವನದೋ ಹೇಳಲಿಲ್ಲ. ಐದು ವಾರಗಳಲ್ಲಿ ಅವನೇ ಹುಡುಕಿ ತಂದ ಮೊದಲ ಹೊಸ ಮಾತು ಅದು.

ಹದಿನಾರನೆಯ ವಾರ ಅಪ್ಪನ ನೆನಪಿನ ಸಭೆ, ಪ್ರತಿವರ್ಷದಂತೆ ಭಾನುವಾರ ಬೆಳಗ್ಗೆ. ಆಹ್ವಾನ ಪತ್ರಿಕೆ ಅಚ್ಚಾಗಿತ್ತು. ವಾಚನ, ಮಂದಾಕಿನಿ. ವ್ಯಾಖ್ಯಾನ, ರಂಗಧಾಮ. ಪಟ್ಟಿ ಕಟ್ಟಿಕೊಳ್ಳುವುದಿಲ್ಲವೆಂದು ಕುಬೇರಪ್ಪನವರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಮೆಚ್ಚಿಕೊಂಡಿದ್ದ ಆ ಹೊಸ ಅರ್ಥ ಯಾರದೆಂದೂ ಹೇಳಿದೆ.

"ತಾಯಿ, ನೂರೈವತ್ತು ಜನ ಬರ್ತಾರೆ. ಅರ್ಥಕ್ಕೆ ಬೇರೆ ಯಾರನ್ನಾದ್ರೂ ಕೂರಿಸಲಾ? ಮೇಷ್ಟ್ರ ಮರ್ಯಾದೆ ಪ್ರಶ್ನೆ."

ಫೋನನ್ನು ಅಣ್ಣನ ಕಿವಿಗೆ ಹಿಡಿದೆ. ಅವನು ಕೇಳಿಸಿಕೊಂಡು, "ಬೇಡ. ನಾನೇ," ಎಂದ. ಆಮೇಲೆ ಮೇಜಿನ ಕಡೆ ನೋಡಿ ನನಗೆಂದ, "ಪಟ್ಟಿ... ಬೇಡ."

ಉಳಿದ ದಿನಗಳಲ್ಲಿ ಪಟ್ಟಿಯಿಲ್ಲದೆಯೇ ಎರಡು ಹೊತ್ತೂ ಕೂತೆವು. ಅಂಬಿಗ ಎಂಬ ಮಾತು ಬಂತು. ಅವಸರ ಬಂತು. ದೋಣಿ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಸುಳಿ ಒಂದು ಸಲವೂ ಬರಲಿಲ್ಲ. ಅಲ್ಲಿಗೆ ಬಂದಾಗಲೆಲ್ಲ ಅವನ ಎಡಗೈ ಗಾಳಿಯಲ್ಲಿ ಸುತ್ತತೊಡಗುತ್ತಿತ್ತು, ನೀರು ತಿರುಗುವ ಹಾಗೆ. ಅತ್ತಿಗೆ ಒಂದು ಸಲ ತಡೆಯಲಾರದೆ ಎದ್ದು ಹಿತ್ತಿಲಿಗೆ ಹೋದರು.

ಭಾನುವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅತ್ತಿಗೆ. ಅವರ ಕೈಚೀಲದಲ್ಲಿ ಪಟ್ಟಿಗಳಿದ್ದವು, ಕೇಂದ್ರಕ್ಕೆ ಹಿಂದಿರುಗಿಸಲೆಂದು. ಹಿಂದೆ ಎಲ್ಲೋ ಬೋಜಮ್ಮ ಕೂತಿದ್ದರು. ಅಪ್ಪನ ಪಟಕ್ಕೆ ಹೂವು ಹಾಕಿ ನಾವಿಬ್ಬರೂ ವೇದಿಕೆಯ ಮೇಲೆ ಕೂತೆವು. ಇಬ್ಬರ ಮುಂದೆಯೂ ಮೈಕು. ಶ್ರುತಿಪೆಟ್ಟಿಗೆ ಹಾಕಿದೆ.

ಮೊದಲ ಪದ್ಯಗಳು ಹೇಗೋ ದಾಟಿದವು. ಅಣ್ಣ ಒಂದೊಂದೇ ಮಾತು ತರುತ್ತಿದ್ದ. "ಪಥಿಕ... ನಡೆದ. ಬಹಳ. ದಾರಿ... ಮರೆತ." ಜನ ಮೊದಲು ಮಿಸುಕಾಡಿದರು, ಒಬ್ಬಿಬ್ಬರು ಎದ್ದು ಹೊರಗೆ ಹೋದರು. ಉಳಿದವರು ಅವನ ಜೊತೆಯಲ್ಲಿ ನಡೆಯುವುದಕ್ಕೆ ಸ್ವಲ್ಪ ಸ್ವಲ್ಪವಾಗಿ ಕಲಿಯುತ್ತಿದ್ದರು. ಒಂದೊಂದು ಮೌನಕ್ಕೂ ನನ್ನ ಗಂಟಲು ಏಳುತ್ತಿತ್ತು. ನುಂಗಿಕೊಳ್ಳುತ್ತಿದ್ದೆ.

ಆ ಪದ್ಯಕ್ಕೆ ಬಂದೆ. ತೊರೆಯ ತಡಿಯಲಿ ನಿಂತು ಕಾದನು. ಆರು ಸಾಲೂ ಹಾಡಿ ನಿಲ್ಲಿಸಿದೆ.

"ಪಥಿಕ... ಯಾಕೆ... ಕೂಗಲಿಲ್ಲ?" ಎಂದ ಅಣ್ಣ. ಹಳಬರು ಬೆನ್ನು ನೆಟ್ಟಗೆ ಮಾಡಿಕೊಂಡರು. "ಕೂಗಿದ್ರೆ... ಅಂಬಿಗ... ಅವಸರ. ಅವಸರದ... ದೋಣಿ..."

ನಿಂತ.

ಎಡಗೈ ಮೇಲೆದ್ದು ಸುತ್ತತೊಡಗಿತು. ಜಪ ಹಿಡಿದೆ. ಐದು. ಎಂಟು. ಹನ್ನೊಂದು. ಶ್ರುತಿಪೆಟ್ಟಿಗೆ ಒಂದೇ ಸಮನೆ ನುಡಿಯುತ್ತಿತ್ತು. ಇಪ್ಪತ್ತು. ಯಾರೋ ಕೆಮ್ಮಿದರು. ಮುಂದಿನ ಸಾಲಿನ ಹೆಂಗಸೊಬ್ಬಳು "ಹಾಡಮ್ಮಾ," ಎಂದು ಪಿಸುಗುಟ್ಟಿದಳು. ಕುಬೇರಪ್ಪನವರು ಕುರ್ಚಿಯಿಂದ ಅರ್ಧ ಎದ್ದು ನನ್ನ ಕಡೆ ನೋಡಿದರು. ಅದೇ ನೋಟ. ಕಿವಿ ಸುಡತೊಡಗಿತು. ಕೊನೆಯ ಸಾಲು ನಾಲಗೆಯ ತುದಿಯಲ್ಲಿತ್ತು, ಎತ್ತಿಕೊಂಡರೆ ಎಲ್ಲರೂ ಬದುಕಿಕೊಳ್ಳುತ್ತಿದ್ದರು. ಆ ಮಾತೂ ಅಲ್ಲೇ ಇತ್ತು, ಎರಡೇ ಅಕ್ಷರ.

ಅಣ್ಣನ ಕೈ ಸುತ್ತುತ್ತಲೇ ಇತ್ತು. ಮುಖ ಕೆಂಪಾಗಿತ್ತು. ಅತ್ತಿಗೆಯ ತೊಡೆಯ ಮೇಲಿನ ಚೀಲವನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ಹನ್ನೆರಡು ವರ್ಷದವನಿದ್ದಾಗ ಅಪ್ಪನ ಎದುರು ಅರ್ಥ ಮರೆತು ನನ್ನ ಕಡೆ ತಿರುಗುತ್ತಿದ್ದನಲ್ಲ, ಅದೇ ಕಣ್ಣು.

"ಮಂದಾ," ಎಂದ. ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು. "ಆಗ್ತಿಲ್ಲ. ಹೇಳು."

ನೂರೈವತ್ತು ಮುಖಗಳೂ ನನ್ನ ಕಡೆ ತಿರುಗಿದವು. ನನ್ನ ಮುಂದಿನ ಮೈಕೂ ಹಾಕಿಯೇ ಇತ್ತು.

"ಹೇಳಲ್ಲ, ಅಣ್ಣ," ಎಂದೆ.